ಬಾಣಂತಿ ಕೋಣೆಯ ಪಕ್ಕದ ಇಂಜಿನ್ನು

ಅಂಜುಬುರುಕರಿಂದ ಲೋಕಕ್ಕೆ ಕೇಡಿಲ್ಲವೆಂದು ತಿಳಿದವರು ನನ್ನನ್ನು ಕಂಡವರಲ್ಲ. ಧೈರ್ಯವಂತ ತಪ್ಪು ಮಾಡಿದರೆ ಮೊದಲು ತಾನು ಸಾಯುತ್ತಾನೆ. ಅಂಜುಬುರುಕ ತಪ್ಪು ಮಾಡಿದರೆ ತಾನೊಬ್ಬನೇ ಉಳಿಯುತ್ತಾನೆ. ನಾನೂ ಹಾಗೆ ಉಳಿಯುವವನಿದ್ದೆ. ಅದನ್ನು ಹೇಳಿಬಿಟ್ಟರೆ ಎದೆ ಸ್ವಲ್ಪ ಹಗುರಾದೀತು.

ನಿಜಾಮರ ಆಳಿಕೆಯ ಕೊನೆಯ ವರ್ಷಗಳು. ಯಾದಗಿರಿಯಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ ನಾನು ಲೆಕ್ಕ ಬರೆಯುವ ಮುನ್ಶಿ. ಜಿನ್ನಿನಿಂದಲೇ ತಂತಿ ಎಳೆದು ಮಾಲೀಕರು ನಮ್ಮ ಮನೆಗೂ ಬಿಜಲಿ ಕೊಟ್ಟಿದ್ದರು. ಓಣಿಗೆಲ್ಲ ಕಂದೀಲು, ನಮಗೆ ಬಲ್ಬು. ನನ್ನ ನಡಿಗೆಯೇ ಬದಲಾಗಿತ್ತು. ಆದರೆ ಜಿನ್ನು ನಿಂತಿತೆಂದರೆ ಬಲ್ಬೂ ಕಣ್ಣು ಮುಚ್ಚುತ್ತಿತ್ತು. ಸುರಪುರಕ್ಕೆ ಕೊಟ್ಟ ಮಗಳು ನೀಲಮ್ಮ ಗಂಡು ಕೂಸು ಹಡೆದು ನಮ್ಮಲ್ಲಿ ಬಾಣಂತನದಲ್ಲಿದ್ದಾಗ, ಅಂಥದೊಂದು ಕತ್ತಲಲ್ಲಿ ತೊಲೆಯಿಂದ ಚೇಳೊಂದು ಹೊರಸಿನ ಮೇಲೆ ಬಿತ್ತು. ಹೆಂಡತಿ ಅದನ್ನು ಕೆರವಿನಿಂದ ಬಡಿದು ಹೊರಗೆಸೆದು ಮರೆತಳು. ನಾನು ಮರೆಯಲಿಲ್ಲ. ಕಂದೀಲು ಇಡೋಣವೆಂದರೆ ಹಾಸಿಗೆಗೆ ಬೆಂಕಿ ಹತ್ತೀತೆಂಬ ಅಂಜಿಕೆ. ಕೊನೆಗೆ ಸಿಕಂದರಾಬಾದಿನ ಹರಾಜಿನಲ್ಲಿ ಫೌಜಿನವರು ಬಿಟ್ಟುಹೋದ ಒಂದು ಇಂಜಿನ್ನನ್ನು ಡೈನಮೊ ಸಮೇತ ತರಿಸಿದೆ. ಒಂದು ಅಂಜಿಕೆ ಕಳೆಯಲು ಇನ್ನೊಂದನ್ನು ರೈಲಿನಲ್ಲಿ ತರಿಸಿದಂತಾಯಿತು.

ಅದನ್ನು ಜೋಡಿಸಲು ವಾಡಿಯಿಂದ ಮಸ್ತಾನ್ ಮಿಸ್ತ್ರಿ ಬರಬೇಕಿತ್ತು. ತನ್ನ ಕೈ ತಾಗದೆ ಈ ಸೀಮೆಯಲ್ಲಿ ಯಾವ ಚಕ್ರವೂ ತಿರುಗದೆಂದು ಸಾರಿಕೊಂಡು ತಿರುಗುವ ಮನುಷ್ಯ. "ನಾ ಬರೂತನಕ ಹ್ಯಾಂಡಲ್ ಮುಟ್ಟಬ್ಯಾಡ್ರಿ ಮುನ್ಶಿ ಸಾಬ್. ನಿಮ್ಮ ಕೈ ಕಾಗದಕ್ಕ ಛಲೋ" ಎಂದು, ಕರೆಯಲು ಹೋದ ನನಗೆ ವಾಡಿ ಸ್ಟೇಷನ್ನಿನಲ್ಲಿ ಎಲ್ಲರೆದುರು ಅಂದಿದ್ದ. ಆ ಮಾತು ಮುಳ್ಳಿನಂತೆ ಒಳಗೇ ಉಳಿದಿತ್ತು.

ಇಂಜಿನ್ನನ್ನು ಅಂಗಳದಲ್ಲಿಟ್ಟರೆ ಕಳ್ಳರ ಅಂಜಿಕೆ, ಮಳೆಯ ಅಂಜಿಕೆ, ನೆರೆಯವರ ಕಣ್ಣಿನ ಅಂಜಿಕೆ. ಬಾಣಂತಿ ಕೋಣೆಯ ಪಕ್ಕದ ಕೋಣೆಯಲ್ಲಿಡಿಸಿದೆ. ನಡುವಿನ ಗೋಡೆಯಲ್ಲಿ ಒಂದು ಬೆಳಕಿಂಡಿ ಇತ್ತು. ಬಾಣಂತನದ ಯಜಮಾನಿಕೆ ನಮ್ಮ ಅತ್ತೆಯವರದು. ಕಿಟಕಿಗಳಿಗೆ ಅರಿವೆ ತುರುಕಿ, ಹೊರಸಿನ ಕೆಳಗೆ ಕೆಂಡವಿಟ್ಟು, ಎರಡು ಹೊತ್ತೂ ಲೋಬಾನದ ಹೊಗೆ ಹಾಕಿಸುತ್ತಿದ್ದರು. ಇಂಜಿನ್ನಿನ ಕೋಣೆಯ ಕಿಟಕಿಗೂ ಅರಿವೆ ತುರುಕಿಸಿದರು. "ಇಂಜಿನ್ನಿನ ಹೊಗಿ ಒಳಗ ಬರತದಲ್ಲ, ಅತ್ತಿ?" ಎಂದೆ. "ಬರ್ಲೇಳು. ಬಾಣಂತಿಗಿ ಹೊಗಿ ಔಷಧ, ಗಾಳಿ ವಿಷ" ಎಂದರು. ನನಗೂ ಸರಿಯೆನಿಸಿತು.

ಒಂದು ಸಂಜೆ ಜಿನ್ನು ನಿಂತಿತು. ಮಿಸ್ತ್ರಿ ಇನ್ನೂ ಬಂದಿರಲಿಲ್ಲ.

"ಮಿಸ್ತ್ರಿ ಬರ್ಲಿ, ತಡೀರಿ" ಎಂದಳು ಹೆಂಡತಿ.

"ನಾ ಹೈಸ್ಕೂಲ್ ಓದೀನಿ!"

"ನೀವು ಓದಿದ್ದು ಫಾರಸಿ. ಇಂಜಿನ್ನಿಗಿ ಫಾರಸಿ ತಿಳೀತದೇನ್ರಿ?"

ಇಂಥ ಮಾತು ಕೇಳಿ ಗಂಡಸಾದವನು ಸುಮ್ಮನಿರುವುದುಂಟೇ! ಡೈನಮೊದ ತಂತಿಯನ್ನು ಮನೆಯ ತಂತಿಗೆ ನಾನೇ ಸುತ್ತಿ, ಕಣ್ಣು ಮುಚ್ಚಿ ಹ್ಯಾಂಡಲ್ ತಿರುವಿದೆ. ಇಂಜಿನ್ನು ಗುಡುಗಿತು, ನೆಲ ನಡುಗಿತು, ಬಲ್ಬು ಹೊತ್ತಿತು. ಅತ್ತೆ ಬೆಳಕಿಗೆ ಕೈ ಮುಗಿದರು. ನನಗೋ, ಈಗ ಸಿಡಿದೀತು, ಇನ್ನೊಂದು ಕ್ಷಣಕ್ಕೆ ಸಿಡಿದೀತು ಎಂಬ ಭಯ. "ದೂರದಿಂದ ಬೆಳಕು ಹ್ಯಾಂಗ ಕಾಣ್ತದ ನೋಡ್ತೀನಿ" ಎಂದು ಹೊರಬಿದ್ದು, ಓಣಿಯಾಚೆಯ ಬೇವಿನ ಮರದ ಕೆಳಗೆ ನಿಂತೆ. ಬಾಗಿಲ ಸಂದಿನ ಬೆಳಕು ಚೆನ್ನಾಗಿಯೇ ಕಾಣುತ್ತಿತ್ತು. ಹಾದು ಹೋಗುವವರು ಶಹಬ್ಬಾಸ್ ಅಂದರು. ನಾನು ಹಿಂದೆ ಕೈಕಟ್ಟಿ ನಿಂತೇ ಇದ್ದೆ.

ಅಷ್ಟರಲ್ಲಿ ರೈಲಿಳಿದು ಮಿಸ್ತ್ರಿ ಬಂದ. ಸದ್ದಿಗೆ ಕಿವಿಗೊಟ್ಟ.

"ಇಂಜಿನ್ ಎಲ್ಲೈತಿ?"

"ಒಳಗ."

"ಮನಿ ಮಂದಿ?"

"ಅವರೂ ಒಳಗ."

"ಮತ್ತ ನೀವ್ಯಾಕ ಹೊರಗ?"

ಉತ್ತರಕ್ಕೆ ಅವನು ಕಾಯಲಿಲ್ಲ. ಚೀಲ ಎಸೆದು ಓಡಿದ. ಅವನ ಹಿಂದೆ ಹೋದ ನನ್ನ ಕಾಲುಗಳು ಹೊಸ್ತಿಲಲ್ಲೇ ನಿಂತವು. ಅವನು ಇಂಜಿನ್ನು ಆರಿಸಿದ; ಕೆಂಡದ ಮಂದ ಬೆಳಕಿನಲ್ಲಿ, ಬೆಳಕಿಂಡಿಯಿಂದ ನುಗ್ಗಿದ ಹೊಗೆ ಒಳಗೆಲ್ಲ ಕವಿದದ್ದು ಕಂಡಿತು. ಅತ್ತೆ ವಾಂತಿ ಮಾಡುತ್ತಿದ್ದರು. ಅಂದು ಚೇಳನ್ನು ಬಡಿದು ಎಸೆದಿದ್ದ ನನ್ನ ಹೆಂಡತಿ ಗೋಡೆ ಹಿಡಿದೂ ಏಳಲಾರದೆ ಕುಸಿದಿದ್ದಳು. ಮಗಳ ತಲೆ ವಾಲಿತ್ತು. ಕೂಸಿನ ಸದ್ದಿಲ್ಲ. ಮಿಸ್ತ್ರಿ ಒಬ್ಬೊಬ್ಬರನ್ನೇ ಅಂಗಳಕ್ಕೆ ಎಳೆತಂದು, ಕೂಸಿಗೆ ಸುತ್ತಿದ ಕುಲಾವಿ, ದುಪಟಿ ಎಲ್ಲ ಕಿತ್ತೆಸೆದು ಗಾಳಿಗೆ ಹಿಡಿದ. ಆ ಸ್ಥಿತಿಯಲ್ಲೂ ಅತ್ತೆ, "ಕಿವಿ ಕಟ್ಟೋ ಯಪ್ಪಾ, ಗಾಳಿ ಹತ್ತತದ" ಎಂದು ನರಳಿದರು.

"ಹತ್ತಲಿ ಅಂತಲೇ ತಂದೀನಿ, ಯವ್ವಾ!"

ಕೂಸು ಸುಮ್ಮನಿತ್ತು. ಹರಕೆ ಹೊರೋಣವೆಂದರೆ ನನಗೆ ಯಾವ ದೇವರ ಹೆಸರೂ ನೆನಪಾಗಲಿಲ್ಲ. ಆಮೇಲೆ ಅದು ಒಮ್ಮೆ ಬಿಕ್ಕಿ, ಓಣಿಯೆಲ್ಲ ಕೇಳುವಂತೆ ಅತ್ತಿತು. ಅಂಗಳದ ಗಾಳಿಗೆ ಉಳಿದವರೂ ಒಬ್ಬೊಬ್ಬರಾಗಿ ಚೇತರಿಸಿಕೊಂಡರು.

ಮರುದಿನ ಮಿಸ್ತ್ರಿ ಇಂಜಿನ್ನನ್ನು ಹಿತ್ತಿಲ ತುದಿಗೆ ಒಯ್ದು, ತಗಡು ಹೊದಿಸಿ, ಹೊಗೆಯ ಕೊಳವೆಯನ್ನು ಮನೆಯಿಂದಾಚೆ ತಿರುಗಿಸಿದ. ಜಿನ್ನಿನ ತಂತಿಯ ಸಂಪರ್ಕ ತಪ್ಪಿದ ಮೇಲೆಯೇ ನಮ್ಮ ಇಂಜಿನ್ನಿನದು ಕೂಡುವಂಥ ಒಂದು ಸ್ವಿಚ್ಚು ಹಾಕಿದ. "ಇದಿಲ್ಲಂದ್ರ ನಿಮ್ಮ ಬಿಜಲಿ ತಂತಿ ಹಿಡಕೊಂಡು ಜಿನ್ನಿಗಿ ಹೋಗ್ತದ. ಅಲ್ಲಿ ತಂತಿ ಮುಟ್ಟಿದಾಂವ ಸತ್ತ!" ತನ್ನ ಕೈಗುಣವನ್ನು ಊರಿಗೆಲ್ಲ ಕೇಳುವಂತೆ ಹೊಗಳಿಕೊಂಡ, ನಾನು ತಲೆಯಾಡಿಸಿದೆ. ಹ್ಯಾಂಡಲ್ ತಿರುವುವುದನ್ನು ಕಲಿಸಿದ್ದು ನನ್ನ ಹೆಂಡತಿಗೆ.

ಆ ಕೂಸು ಈಗ ಶಹಾಪುರದಲ್ಲಿ ಮೇಷ್ಟ್ರು. ಜನರೇಟರ್ ಕೊಳ್ಳುವವರು, ಹಳಬರೆಂದು ನನ್ನನ್ನೇ ಕೇಳಲು ಬರುತ್ತಾರೆ. "ಮಿಸ್ತ್ರಿ ಇಲ್ದ ಮುಟ್ಟಬ್ಯಾಡ್ರಿ. ಮನಿ ಮಂದಿ ಜೀವ ದೊಡ್ಡದು" ಎನ್ನುತ್ತೇನೆ. "ಎಷ್ಟು ಕಾಳಜಿ ರೀ ಯಜಮಾನ್ರಿಗಿ!" ಎನ್ನುತ್ತಾರೆ. ನೀಲಮ್ಮ ಊರಿಗೆ ಬಂದಿದ್ದರೆ ಒಳಗಿನಿಂದ ಒಮ್ಮೆ ಕೆಮ್ಮುತ್ತಾಳೆ. ಅದು ಹೊಗೆಯ ಕೆಮ್ಮಲ್ಲವೆಂದು ನನಗೆ ಗೊತ್ತು. ಮೆಲ್ಲನೆ ಎದ್ದು ಹೊರಗೆ ಹೋಗಿ ನಿಲ್ಲುತ್ತೇನೆ. ನನಗೆ ಚೆನ್ನಾಗಿ ಬರುವ ವಿದ್ಯೆ ಅದೊಂದೇ.