ಟೂಬಾದ ಬೋರು, ನನ್ನ ಜೋರು

ಮದುವಿ ಬ್ಯಾಂಡಿನಾಗ ಟೂಬಾ ಹೊತ್ತಾವಗ ಫಜೀತಿ ತಪ್ಪಂಗಿಲ್ಲ. ನನಗಂತೂ ಅವು ಮನಿ ಕೇಳಿಕೊಂಡು ಬರ್ತಾವ. ಟೂಬಾ ಅಂದ್ರ ಎದಿಗೆ ಅವಚಿಕೊಂಡು ಭೋಂ ಭೋಂ ಅನ್ನಿಸೋ ಪಿತ್ತಾಳಿ ವಾದ್ಯ, ಬಾಯಿ ಹಂಡೇದಷ್ಟು. ವಯಸ್ಸಿನಾಗ ನಾ ಊದಿದ್ರ ಕಾನಹೊಸಹಳ್ಳಿ ಹೈವೇದಾಗ ಲಾರಿಗಳು, ಹಿಂದ ಯಾವುದೋ ದೊಡ್ಡ ಗಾಡಿ ಬಂತಂತ ಸೈಡ್ ಕೊಡ್ತಿದ್ವು. ಸುಳ್ಳಂದ್ರ ಲಾರಿಗಳನ್ನ ಕೇಳ್ರಿ.

ಹೋದ ವರ್ಷ ನನ್ನ ಹಳೇ ಟೂಬಾ ಬೆಸಿಗಿ ಬಿಟ್ಟು ಎರಡು ತುಂಡಾತು. ಬ್ಯಾಂಡ್ ಮಾಸ್ತರ ನನ್ನ ಅಕ್ಕನ ಮಗ. ಅಂದ: "ಮಾವ, ಬ್ಯಾರೆ ಟೂಬಾ ನೋಡ್ರಿ. ಬರೋ ತಿಂಗಳ ಹಗರಿಬೊಮ್ಮನಹಳ್ಳಿ ಮದುವಿ ಮೆರವಣಿಗ್ಯಾಗ ಕಡೀತನಕ ಊದಿದ್ರ ನಿಮ್ಮ ಜಾಗ ನಿಮಗ. ಉಸಿರು ಸಾಲದಿದ್ರ ಮುಂದ ತಾಳ ಹೊಡೀರಿ."

ಜೀವಮಾನೆಲ್ಲಾ ಭೋಂ ಅನ್ನಿಸಿದಾವ ಚಣ್ ಚಣ್ ಅನ್ನಿಸಬೇಕಾ?

೧. ಕೊಟ್ಟೂರಿನ ಅಂಗಡ್ಯಾಗ

ಬ್ಯಾಂಡಿನ ಸಾಮಾನು ರಿಪೇರಿ ಮಾಡಿ ಮಾರೋ ಸಾಬ್ರು ಕೊಟ್ಟೂರಾಗ ಅದಾರ. ಎರಡು ಟೂಬಾ ಮುಂದಿಟ್ರು. ಹೊರಗಿಂದ ನೋಡಿದ್ರ ಎರಡೂ ಅಣ್ಣತಮ್ಮರಂಗ.

"ನೋಡೋದು ಬಾಯಲ್ಲ ಅಜ್ಜಾರ, ಬೋರು," ಅಂದು ಕೊಳವಿ ಕಳಚಿ ಒಳಗಿನ ತೂತು ತೋರಿಸಿದ್ರು. "ಇದು ಸಣ್ಣ ಬೋರು, ಕಡಿಮಿ ಉಸಿರು ಸಾಕು. ಅದು ದೊಡ್ಡದು, ದನಿ ದಪ್ಪ ಬರ್ತೈತಿ, ಆದ್ರ ಉಸಿರು ಕುಡಿತೈತಿ. ನಿಮಗ ಸಣ್ಣದೇ ಪಾಡು."

"ನನಗ ಸಣ್ಣದಾ?" ಅಂತ ಹೆಬ್ಬೆರಳು ಹಾಕಿ ಅಳತಿ ನೋಡಿದೆ. ಸಣ್ಣದ್ರಾಗ ಹೋಗಲಿಲ್ಲ. ದೊಡ್ಡದ್ರಾಗ ಹೋತು. ಹೋದದ್ದು ವಾಪಸ್ ಬರಲಿಲ್ಲ! ಎಣ್ಣಿ ಹಚ್ಚಿದ್ರು, ಸಬಕಾರ ಹಚ್ಚಿದ್ರು, ನನ್ನ ಎದಿ ಮ್ಯಾಲೆ ಕಾಲಿಟ್ಟು ಎಳೆಯೋದೊಂದು ಬಾಕಿ. ಕೊನಿಗೆ ಬೆರಳು ಬಿಡಿಸಿ ಸಾಬ್ರು ಬೆವರೊರಸಿಕೊಂಡ್ರು: "ಇದನ್ನ ಒಯ್ರಿ ಅಜ್ಜಾರ. ನೀವು ಬಿಟ್ರೂ ಇದು ನಿಮ್ಮನ್ನ ಬಿಡಂಗಿಲ್ಲ."

೨. ಮನಿಯಾಗ

ಗುಡೇಕೋಟೆಗೆ ಬಂದು ಪಡಸಾಲ್ಯಾಗ ಕುಂತೆ. ಗುಡ್ಡದಾಗಿನ ಕುರಿ ಬೆದರಿ ಕೆಳಗಿಳೀತಾವ ಅಂತ ಕಿಟಕಿ ಕಡೆ ನೋಡಿಕೊಂತ ಊದಿದೆ. ಫುಸ್ ಅಂತು. ಮತ್ತ ಊದಿದೆ. ಕಣ್ಣಾಗ ನೀರು ಬಂತು, ಕಿವ್ಯಾಗ ಗಾಳಿ ಬಂತು, ದನಿಯೊಂದು ಬಿಟ್ಟು ಎಲ್ಲಾ ಬಂತು.

ಒಳಗಿಂದ ನನ್ನಾಕಿ, "ಏನ್ರಿ, ಕುಕ್ಕರಿನ ವಾಷರ್ ಹೋಗೈತಿ ಕಾಣ್ತೈತಿ, ನೋಡ್ರಿ" ಅಂದ್ಲು.

"ಅದು ಕುಕ್ಕರಲ್ಲ, ನಾನು!"

"ಹಂಗಾರ ಹೊಸ ವಾಷರ್ ಎಲ್ಲೂ ಸಿಗಂಗಿಲ್ಲ ಬಿಡ್ರಿ."

೩. ಕುದುರಿ ಮ್ಯಾಲೆ

ದಿನಾ ಊದಿ ಊದಿ ಹೆಂಗೋ ದನಿ ಬಂತು. ಮದುವಿ ದಿನ ಬಸ್ ಸ್ಟ್ಯಾಂಡ್ ದಾಟೋತನಕ ಗಂಡಾಳಂಗ ಊದಿದೆ. ಆಮ್ಯಾಲೆ ಅಂಗಡಿ ಬೋರ್ಡು ಒಂದಕ್ಕ ಎರಡು ಕಂಡ್ವು, ರಸ್ತ್ಯಾಗ ಕುಂತುಬಿಟ್ಟೆ. ಕುದುರಿ ಮ್ಯಾಲಿದ್ದ ಮದುಮಗ ಸಂಭಾವಿತ. "ಅಜ್ಜಾ, ನೀವು ಹತ್ರಿ, ನಾ ನಡೀತೀನಿ" ಅಂದ. ಟೂಬಾ ಸಮೇತ ನನ್ನ ಎತ್ತಿ ಕೂಡ್ರಿಸಿದ್ರು.

ಅಷ್ಟರಾಗ ಅಕ್ಕನ ಮಗ ಚೀಲಕ್ಕ ಕೈ ಹಾಕಿ ತಾಳ ಹುಡುಕಾಕತ್ತಿದ. ಕಂಡು ರೊಚ್ಚಿಗೆದ್ದೆ. ಇದ್ದಬದ್ದ ಉಸಿರೆಲ್ಲಾ ಕೂಡಿಸಿ ಊದಿದೆ ನೋಡ್ರಿ, ಭೋಂ!

ಕುದುರಿ ಓಟ ಕಿತ್ತಿತು. ನಾನು ಮುಂದ, ಮೆರವಣಿಗಿ ಹಿಂದ, ಮದುಮಗ ಅದರ ಹಿಂದ. ದಿನಾ ಹೋಗೋ ದಾರಿ ಅದಕ್ಕ, ಸೀದಾ ಕಲ್ಯಾಣ ಮಂಟಪದ ಬಾಗಿಲಿಗೆ ಹೋಗಿ ನಿಂತಿತು. ಅಲ್ಲಿ ಹೆಣ್ಣಿನ ಕಡೆಯೋರು ಆರತಿ ಹಿಡಿದು ನಿಂತಿದ್ರು. ಮದುಮಗಳ ಅಜ್ಜಿಗೆ ಕಣ್ಣು ಮಂಜು. ಕುದುರಿ ಬಂದದ್ದೇ ತಡ, ಟೂಬಾ ಮ್ಯಾಲೆ ಬಗ್ಗಿ ಬಿದ್ದಿದ್ದ ನನಗ ಆರತಿ ಬೆಳಗಿ ಹಣಿಗೆ ಕುಂಕುಮ ಒತ್ತಿದ್ಲು. ಬ್ಯಾಡವ್ವಾ ಅನ್ನಾಕ ನನಗ ಉಸಿರೇ ಇಲ್ಲ.

ಓಡಿಬಂದ ಅಕ್ಕನ ಮಗ ಕೈ ಮುಗಿದ: "ಮಾವ, ನಿಮ್ಮ ಜಾಗ ನಿಮಗ. ಆದ್ರ ನಾಳಿಂದ ಸಣ್ಣ ಬೋರು ಊದ್ರಿ, ನಮ್ಮ ಹೊಟ್ಟಿ ಮ್ಯಾಲೆ ಹೊಡೀಬ್ಯಾಡ್ರಿ!"

ಬಾಗಿಲ ಸಂದ್ಯಾಗ ಇಣುಕಿದ ಮದುಮಗಳು ನನ್ನ ಮುಖ ನೋಡಿ, "ಅವ್ವಾ, ನಾ ಒಲ್ಲೆ!" ಅಂತ ಚೀರಿದ್ಲು.

ಅಜ್ಜಿ ನನ್ನ ಗಲ್ಲ ಸವರಿ ನೋಡಿ ಮೊಮ್ಮಗಳಿಗೆ ಸಮಾಧಾನ ಹೇಳಿದ್ಲು: "ಸುಮ್ಮನಿರವ್ವ, ಬಿಸಲಾಗ ಬಂದು ಹುಡುಗ ಒಂಚೂರು ಬಾಡ್ಯಾನ. ನಾಕು ದಿನ ಮನಿ ಊಟ ಹಾಕು, ಸರಿ ಹೋಗ್ತಾನ."