ನಿಂತು ಓದುವ ವಿಭಾಗ

ಬೇರೆಯವರ ಕಷ್ಟ ಕೇಳುವುದಕ್ಕೆ ನನಗೆ ಯಾವತ್ತೂ ಬೇಸರವಿಲ್ಲ. ಕೈಯಲ್ಲಿ ಬಿಸಿ ಕಾಫಿ ಇದ್ದರೆ ಎಷ್ಟು ಹೊತ್ತಾದರೂ ಕೇಳುತ್ತೇನೆ, ನಡುನಡುವೆ ‘ಅಯ್ಯೋ ಪಾಪ’ ಅನ್ನುವುದನ್ನೂ ಮರೆಯುವುದಿಲ್ಲ. ನನಗೆ ತಡೆಯಲಾಗದಿರುವುದು ಬೇರೆಯವರ ಯಶಸ್ಸು. ಅದೂ ಸೋಮವಾರ ಬೆಳಿಗ್ಗೆ, ಬೇಗೂರಿನಿಂದ ಬಸ್ಸು ಬದಲಾಯಿಸಿಕೊಂಡು, ಫ್ಯಾಕ್ಟರಿ ಶಿಫ್ಟಿಗೆ ಹೊರಟವರ ನಡುವೆ ಒಂಟಿಕಾಲಿನಲ್ಲಿ ನಿಂತು ಬಂದು, ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಫೋಟೋ ಸಮೇತ ಎದುರಾಗುವ ಯಶಸ್ಸು.

ನಾನು ಬೊಮ್ಮಸಂದ್ರದಾಚೆಯ ಒಂದು ಇಂಜಿನಿಯರಿಂಗ್ ಕಾಲೇಜಿನ ಲೈಬ್ರರಿಯನ್. ‘ಶ್! ಸೈಲೆನ್ಸ್!’ ಅನ್ನುವುದು ನಮ್ಮ ವೃತ್ತಿಯ ಮೂಲಮಂತ್ರ. ದಿನವಿಡೀ ಊರವರ ಬಾಯಿ ಮುಚ್ಚಿಸುವವರಿಗೆ ತಮ್ಮ ಬಾಯಿ ತೆರೆಯಲು ಒಂದು ಜಾಗ ಬೇಡವೇ? ಆ ಜಾಗವೇ ನಮ್ಮ ಇ-ಮೇಲ್ ಗುಂಪು. ವಾಟ್ಸಾಪ್ ಇನ್ನೂ ಹುಟ್ಟಿರದ ಆ ಕಾಲದಲ್ಲಿ ಸುತ್ತಮುತ್ತಲ ಕಾಲೇಜುಗಳ ಲೈಬ್ರರಿಯನ್ನುಗಳೆಲ್ಲ ಅದರಲ್ಲಿದ್ದೆವು. ಯಶಸ್ವಿಯಾದ ಉಪಾಯಗಳನ್ನು ಒಬ್ಬರಿಗೊಬ್ಬರು ಹಂಚಿಕೊಳ್ಳಬೇಕೆಂಬುದು ಉದ್ದೇಶ. ಯಶಸ್ವಿಯಾದವನ್ನು ಮಾತ್ರ. ಒಮ್ಮೆ ಹೊಸ ಸದಸ್ಯರೊಬ್ಬರು, ಪಾಪ, ‘ಗೆದ್ದಲು ಹಿಡಿದು ಒಂದು ಬೀರು ಪುಸ್ತಕ ಹಾಳಾಯಿತು, ನೀವೆಲ್ಲ ಏನು ಮಾಡುತ್ತೀರಿ?’ ಎಂದು ಕೇಳಿಬಿಟ್ಟರು. ಆಗ ಗುಂಪಿನಲ್ಲಿ ಕವಿದಂಥ ಸೈಲೆನ್ಸು ನಮ್ಮ ಯಾರ ಲೈಬ್ರರಿಯಲ್ಲೂ ಯಾವತ್ತೂ ಇದ್ದಿರಲಿಲ್ಲ. ಗೆದ್ದಲು ನಮ್ಮಲ್ಲೂ ಇತ್ತು. ಆದರೆ ಯಶಸ್ವಿಯಾಗಿದ್ದದ್ದು ಗೆದ್ದಲು, ನಾವಲ್ಲ, ಹಂಚಿಕೊಳ್ಳುವುದು ಹೇಗೆ? ಆ ಮಹಾಶಯರು ಮತ್ತೆ ಗುಂಪಿಗೆ ಬರೆಯಲಿಲ್ಲ.

ಗುಂಪಿನ ತಾರೆ ಎಂದರೆ ಪೀಣ್ಯದ ಕಡೆಯ ಕಾಲೇಜೊಂದರ ವಸುಂಧರಾ ಮೇಡಂ. ಆಕೆಯನ್ನು ನಾನು ಕಣ್ಣಾರೆ ಕಂಡಿರಲಿಲ್ಲ, ಆದರೆ ಹೊಟ್ಟೆಯಾರೆ ಉರಿದಿದ್ದೆ. ಪ್ರತಿ ಸೋಮವಾರ ಆಕೆಯದೊಂದು ಹೊಸ ಪ್ರಯೋಗ. ಹುಟ್ಟುಹಬ್ಬದ ದಿನ ವಿದ್ಯಾರ್ಥಿಗೆ ಹೊಸ ಪುಸ್ತಕ, ದಂಡ ಕಟ್ಟುವ ಬದಲು ಒಂದು ಪುಸ್ತಕಕ್ಕೆ ಬೈಂಡು ಹಾಕುವುದು, ಹೀಗೆ. ಜೊತೆಗೆ ಫೋಟೋ. ಎರಡು ಜಡೆಯ ಹುಡುಗಿಯೊಬ್ಬಳು ಎಲ್ಲ ಫೋಟೋಗಳಲ್ಲೂ ಪುಸ್ತಕ ಹಿಡಿದು ಹಲ್ಲು ಬಿಡುತ್ತಿದ್ದಳು. ಕೊನೆಯಲ್ಲಿ ‘ಓದುಗರಿಂದ ಅಭೂತಪೂರ್ವ ಸ್ಪಂದನೆ’ ಎಂಬ ಸಾಲು. ಅದಕ್ಕೆ ನಾವೆಲ್ಲ ಬರೆಯಬೇಕಾದ ಉತ್ತರವೂ ಸಂಧ್ಯಾವಂದನೆಯ ಹಾಗೆ ಬಾಯಿಪಾಠವಾಗಿತ್ತು: ‘ಅಭಿನಂದನೆಗಳು ಮೇಡಂ. ನಮ್ಮಲ್ಲೂ ಜಾರಿಗೆ ತರುತ್ತೇವೆ.’ ಯಾರೂ ತರುತ್ತಿರಲಿಲ್ಲ. ತಂದಿರಾ ಎಂದು ಯಾರೂ ಕೇಳುತ್ತಲೂ ಇರಲಿಲ್ಲ.

ನನಗೆ ಆಗ ಬೇಕಾಗಿದ್ದದ್ದು ಪ್ರಯೋಗವಲ್ಲ, ಕುರ್ಚಿ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳು ನಮ್ಮ ಕಾಲೇಜಿಗೆ ಹುಡುಗರನ್ನು ಆರಿಸಿಕೊಳ್ಳಲು ಬಂದಾಗಲೆಲ್ಲ ಲೈಬ್ರರಿಯ ಕುರ್ಚಿಗಳು ಪರೀಕ್ಷೆಯ ಹಾಲಿಗೆ ಮೆರವಣಿಗೆ ಹೊರಡುತ್ತಿದ್ದವು. ಹುಡುಗರಿಗೆ ಕೆಲಸ ಸಿಗುತ್ತಿತ್ತು. ಕುರ್ಚಿಗಳಿಗೂ ಸಿಗುತ್ತಿತ್ತು, ಯಾವುದೂ ವಾಪಸು ಬರುತ್ತಿರಲಿಲ್ಲ. ಒಂದು ಕ್ಯಾಂಟೀನಿನಲ್ಲಿ, ಇನ್ನೊಂದು ಸೆಕ್ಯುರಿಟಿಯವನ ಗೂಡಿನಲ್ಲಿ, ಮತ್ತೊಂದು ಹಾಸ್ಟೆಲಿನ ಬಚ್ಚಲುಮನೆಯ ಬಾಗಿಲಿಗೆ ಒತ್ತಾಗಿ. ಪ್ರಿನ್ಸಿಪಾಲರನ್ನು ಕೇಳಿದಾಗಲೆಲ್ಲ ‘ನೆಕ್ಸ್ಟ್ ಬಜೆಟ್ಟಲ್ಲಿ ನೋಡೋಣ ಮೇಡಂ’ ಅನ್ನುತ್ತಿದ್ದರು. ಕೊನೆಗೆ ಓದುವ ಕೋಣೆಯಲ್ಲಿ ಮೇಜುಗಳಷ್ಟೇ ಉಳಿದವು. ಹುಡುಗರು ಬಿಲ್ಲಿನಂತೆ ಬಗ್ಗಿ ಪೇಪರ್ ಓದುತ್ತಿದ್ದರು.

ಅದನ್ನು ನೋಡಲಾರದೆ ನಮ್ಮ ಅಟೆಂಡರ್ ಮುನಿಯಪ್ಪನವರು ಒಂದು ದಿನ ಸಿಮೆಂಟ್ ಇಟ್ಟಿಗೆ ತಂದು ಮೇಜಿನ ಕಾಲುಗಳ ಕೆಳಗೆ ಇಟ್ಟರು. ಇಟ್ಟಿಗೆ ಅವರ ಸ್ವಂತದ್ದು. ಬೇಗೂರಿನ ಹಳೆಯ ಮನೆತನ ಅವರದು. ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆ ಕಟ್ಟಿಸಿದ್ದಾರೆ. ಅದರಲ್ಲೊಂದು ಮನೆಯಲ್ಲಿ ನಾವಿದ್ದೇವೆ. ‘ಮನೇಲಿ ಕುಂತ್ರೆ ಮೈ ಇಡ್ಕಂತದೆ ಮೇಡಂ’ ಎಂದು ಅಟೆಂಡರ್ ಕೆಲಸಕ್ಕೆ ಬರುತ್ತಾರೆ, ನನ್ನ ಬಸ್ಸನ್ನು ತಮ್ಮ ಹೊಸ ಬೈಕಿನಲ್ಲಿ ದಿನವೂ ಹಿಂದೆ ಹಾಕುತ್ತಾರೆ. ಹೀಗಾಗಿ ನಮ್ಮಿಬ್ಬರ ನಡುವೆ ಒಂದು ಒಪ್ಪಂದ ತಾನಾಗಿಯೇ ಏರ್ಪಟ್ಟಿತ್ತು. ಕಾಲೇಜಿನಲ್ಲಿ ನಾನು ಕುರ್ಚಿಯಲ್ಲಿ, ಅವರು ನಿಂತು. ಸಂಜೆ ನೀರು ಬರಲಿಲ್ಲವೆಂದು ದೂರು ಹೇಳಲು ಹೋದರೆ ಅವರು ಜಗುಲಿಯ ಕುರ್ಚಿಯಲ್ಲಿ, ನಾನು ನಿಂತು. ಲೆಕ್ಕ ಸರಿಹೋಗುತ್ತಿತ್ತು.

‘ಇನ್ ಮ್ಯಾಲೆ ನಿಂತ್ಕಂಡೇ ಓದ್ಕಳ್ಳಲಿ ಬಿಡಿ ಮೇಡಂ. ಅಂಗಾದ್ರೂ ನಿದ್ದೆ ಒಡಿಯದು ತಪ್ತದೆ’ ಎಂದರು ಮುನಿಯಪ್ಪ.

ನಮ್ಮ ಕಸುಬಿನವರಿಗೆ ಒಂದು ಕಾಯಿಲೆ ಇದೆ. ಏನನ್ನು ಕಂಡರೂ ಅದಕ್ಕೊಂದು ಶೀರ್ಷಿಕೆ ಕೊಟ್ಟು, ನಂಬರು ಹಾಕಿ, ಯಾವುದಾದರೊಂದು ಸಾಲಿಗೆ ಸೇರಿಸುವ ತನಕ ಸಮಾಧಾನವಿರುವುದಿಲ್ಲ. ನಮ್ಮ ಮನೆಯ ಸಾಸಿವೆ ಡಬ್ಬಿಯ ಮೇಲೂ ಚೀಟಿ ಇದೆ. ಆ ದಿನ ನಾನು ಗುಂಪಿಗೆ ಬರೆಯಲು ಕೂತದ್ದು ‘ಮ್ಯಾನೇಜ್‌ಮೆಂಟಿನಿಂದ ಕುರ್ಚಿ ಪಡೆಯುವುದು ಹೇಗೆ?’ ಎಂದು ಕೇಳುವುದಕ್ಕೇ. ಅಷ್ಟರಲ್ಲಿ ಗೆದ್ದಲಿನ ಮಹಾಶಯರು ನೆನಪಾದರು. ‘ಕುರ್ಚಿ ಇಲ್ಲ’ ಅನ್ನುವುದು ದೂರು. ‘ನಿಂತು ಓದುವ ವಿಭಾಗ: ಒಂದು ವಿನೂತನ ಪ್ರಯೋಗ’ ಅನ್ನುವುದು ಶೀರ್ಷಿಕೆ. ಶೀರ್ಷಿಕೆ ಸಿಕ್ಕಿದ ಮೇಲೆ ಉಳಿದದ್ದು ತಾನೇ ಬರೆಸಿಕೊಂಡಿತು. ಓದುವ ಕೋಣೆಯಲ್ಲಿ ನಿದ್ದೆ ಪೂರ್ತಿ ನಿಂತಿದೆ, ಅಷ್ಟೇ ಜಾಗದಲ್ಲಿ ಹೆಚ್ಚು ಓದುಗರು ಹಿಡಿಸುತ್ತಾರೆ, ಬೆನ್ನಿಗೂ ಒಳ್ಳೆಯದು. ಒಂದಕ್ಷರ ಸುಳ್ಳಿಲ್ಲ. ಬೆನ್ನಿನ ವಿಷಯ ಮಾತ್ರ ನನ್ನ ಊಹೆ.

ಉತ್ತರಗಳು ಧೋ ಎಂದು ಸುರಿದವು. ವಸುಂಧರಾ ಮೇಡಂ ಕೂಡ ‘ಅಭಿನಂದನೆಗಳು ಮೇಡಂ. ನಮ್ಮಲ್ಲೂ ಜಾರಿಗೆ ತರುತ್ತೇವೆ’ ಎಂದು ಬರೆದಿದ್ದರು. ನನಗೆ ಸ್ವರ್ಗಕ್ಕೆ ಮೂರೇ ಗೇಣು. ಪ್ರಿಂಟ್ ತೆಗೆದು ಮನೆಗೂ ಒಯ್ದೆ. ನಮ್ಮ ಮನೆಯವರು ಪೂರ್ತಿ ಓದಿ, ‘ಇದ್ರಲ್ಲಿ ಕುರ್ಚಿ ಇಲ್ಲ ಅಂತ ಎಲ್ಲಿ ಬರ್ದಿದೀಯ?’ ಎಂದು ಕೇಳಿದರು. ಲೈಬ್ರರಿ ವಿಜ್ಞಾನ ಓದದವರ ಜೊತೆ ಏನು ಮಾತು!

ನನ್ನ ಗ್ರಹಚಾರಕ್ಕೆ ವಸುಂಧರಾ ಮೇಡಂ ಆ ಒಂದು ಸಲ ಮಾತು ಉಳಿಸಿಕೊಂಡರು. ಎತ್ತರದ ಮೇಜು, ಅದಕ್ಕೆ ಗ್ರಾನೈಟು, ಬಾಗಿಲಿಗೆ ಟೇಪು, ಟೇಪಿಗೆ ಕತ್ತರಿ. ಫೋಟೋದಲ್ಲಿ ಎರಡು ಜಡೆಯ ಹುಡುಗಿ ನಿಂತು ಹಲ್ಲು ಬಿಡುತ್ತಿದ್ದಳು. ಅಲ್ಲಿಗೆ ಯಾವುದೋ ಸೆಮಿನಾರಿಗೆ ಹೋಗಿದ್ದ ನಮ್ಮ ಪ್ರಿನ್ಸಿಪಾಲರು ಅದನ್ನು ಕಂಡು ಬೆರಗಾಗಿ ಬಂದರು. ಮಾರನೆಯ ದಿನವೇ ನನಗೆ ಕರೆ ಬಂತು.

‘ಮೇಡಂ, ಪೀಣ್ಯದವ್ರು ಎಷ್ಟು ಅಡ್ವಾನ್ಸ್ ಆಗಿದಾರೆ ಗೊತ್ತಾ? ಸ್ಟ್ಯಾಂಡಿಂಗ್ ರೀಡಿಂಗ್ ಅಂತೆ! ನಾವಿನ್ನೂ ಕುರ್ಚಿ ಕುರ್ಚಿ ಅಂತ ಅಳ್ತಾ ಇದೀವಿ. ನೋಡಿ, ನಿಮ್ ಕುರ್ಚಿ ಫೈಲು ಕೊನೆಗೂ ಪಾಸಾಗಿ ಬಂದಿದೆ, ಸೈನ್ ಮಾಡೋದೊಂದೇ ಬಾಕಿ’ ಎಂದು ಫೈಲನ್ನು ಎತ್ತಿ ತೋರಿಸಿದರು. ಪೆನ್ನಿನ ಮುಚ್ಚಳವೂ ತೆಗೆದಿತ್ತು.

ಆಗ ನಾನು ಬಾಯಿ ಮುಚ್ಚಿಕೊಂಡು ಇದ್ದಿದ್ದರೆ! ಊರಿಗೆಲ್ಲ ಸೈಲೆನ್ಸ್ ಹೇಳುವ ನಾಲಗೆ ಆ ಹೊತ್ತಿಗೇ ಜಾರಬೇಕೆ? ‘ಸಾರ್, ಆ ಐಡಿಯಾ ಅವರದ್ದಲ್ಲ, ನಮ್ಮದು. ನಾನೇ ಗುಂಪಿನಲ್ಲಿ ಬರೆದಿದ್ದೆ’ ಎಂದುಬಿಟ್ಟೆ.

ಪ್ರಿನ್ಸಿಪಾಲರ ಮುಖ ಅರಳಿತು. ಪೆನ್ನಿಗೆ ಮುಚ್ಚಳ ಬಿತ್ತು. ‘ಏನ್ ಮೇಡಂ ನೀವು! ಮೊದಲೇ ಹೇಳ್ಬಾರ್ದಾ? ಹಾಗಿದ್ಮೇಲೆ ಇನ್ನು ಕುರ್ಚಿ ತರ್ಸಿ ನಿಮ್ ಐಡಿಯಾನ ನೀವೇ ಯಾಕೆ ಹಾಳ್ಮಾಡ್ತೀರಾ?’ ಎಂದು ಫೈಲನ್ನು ಪಕ್ಕಕ್ಕೆ ಸರಿಸಿದರು. ಅಷ್ಟೇ ಅಲ್ಲ, ಮೂಲಸ್ಥಾನ ನೋಡಲು ಗುಂಪಿನ ಸದಸ್ಯರನ್ನೆಲ್ಲ ಕರೆಸಬೇಕೆಂದೂ ಅಪ್ಪಣೆಯಾಯಿತು. ಅವರೆಲ್ಲ ಬರುವ ದಿನ ಬೆಳಿಗ್ಗೆ ಪ್ರಿನ್ಸಿಪಾಲರು ಲೈಬ್ರರಿಯೊಳಗೆ ಒಂದು ಸುತ್ತು ಬಂದು, ಕೌಂಟರಿನ ಹಿಂದೆ ಟವೆಲ್ ಹೊದ್ದು ಕೂತಿದ್ದ ನನ್ನ ತಿರುಗುವ ಕುರ್ಚಿಯ ಮುಂದೆ ನಿಂತರು. ‘ಇದೊಂದು ಆಡ್ ಆಗಿ ಕಾಣ್ತಿದೆ ಅಲ್ವಾ ಮೇಡಂ?’ ಎಂದರು. ಮುನಿಯಪ್ಪನವರು ಅದನ್ನು ಪ್ರಿನ್ಸಿಪಾಲರ ಕೋಣೆಗೆ ತಳ್ಳಿಕೊಂಡು ಹೋದರು. ಅದರ ಗಾಲಿಗಳ ಕಿರುಗುಟ್ಟುವ ಸದ್ದು ಕಾರಿಡಾರಿನ ಕೊನೆಯ ತನಕ ಕೇಳಿಸಿತು. ನಿಜ ಹೇಳುತ್ತೇನೆ, ಸೆರಗಿನಿಂದ ಕಣ್ಣೊರೆಸಿಕೊಂಡೆ. ಒಂದು ಕುರ್ಚಿಗಾಗಿ ಯಾರಾದರೂ ಅಳುತ್ತಾರೆಯೇ ಎಂದು ನೀವು ಕೇಳಬಹುದು. ದಿನವಿಡೀ ನಿಂತು ನೋಡಿ, ಆಮೇಲೆ ಕೇಳಿ.

ಅತಿಥಿಗಳು ಬಂದರು, ನಿಂತರು, ಹೊಗಳಿದರು. ವಸುಂಧರಾ ಮೇಡಮ್ಮನ್ನು ನಾನು ಮೊದಲ ಸಲ ನೋಡಿದ್ದು ಅಂದೇ. ಫೋಟೋಗಳಲ್ಲಿ ಎಲ್ಲೂ ಕಾಣಿಸಿಕೊಳ್ಳದ ಆಕೆ ನನ್ನ ಹಾಗೆಯೇ ಮಂಡಿ ನೋವಿನ, ನನ್ನದೇ ವಯಸ್ಸಿನ ಹೆಂಗಸು. ಪ್ರಿನ್ಸಿಪಾಲರ ಭಾಷಣ ನಿಲ್ಲುವ ಸೂಚನೆ ಕಾಣದಾದಾಗ ಮೆಲ್ಲಗೆ ನನ್ನ ಪಕ್ಕಕ್ಕೆ ಸರಿದು, ‘ರೀ, ಎಲ್ಲಾದ್ರೂ ಸ್ವಲ್ಪ ಕೂತ್ಕೊಳೋಕೆ ಜಾಗ ಇದ್ಯೇನ್ರೀ?’ ಎಂದು ಪಿಸುಗುಟ್ಟಿದರು.

ಇತ್ತು. ಕೊನೆಯ ರ್‍ಯಾಕಿನ ಹಿಂದೆ ಹಳೆಯ ಜರ್ನಲ್ಲುಗಳ ದಪ್ಪ ಸಂಪುಟಗಳನ್ನು ಒಂದರ ಮೇಲೊಂದು ಕಟ್ಟಿಟ್ಟಿದ್ದೆವು. ಅವನ್ನು ಓದುವವರು ಯಾವತ್ತೂ ಇರಲಿಲ್ಲ. ಅವು ಉಪಯೋಗಕ್ಕೆ ಬಂದದ್ದೇ ಆವತ್ತು. ಇಬ್ಬರೂ ಕೂತೆವು. ಆಹಾ, ಆ ಸುಖ!

‘ನಿಮ್ಮಲ್ಲಿ ಗ್ರಾನೈಟೇ ಹಾಕ್ಸಿದೀರಲ್ಲ’ ಎಂದೆ ನಾನು, ಹೊಟ್ಟೆಕಿಚ್ಚು ಪೂರ್ತಿ ಆರದೆ.

‘ಅಯ್ಯೋ, ಕ್ಯಾಂಟೀನ್ ರಿಪೇರಿಲಿ ಉಳಿದಿದ್ದು ಕಣ್ರೀ. ಯಾರೂ ಅಲ್ಲಿ ನಿಲ್ಲೋದಿಲ್ಲ. ಟಿಫನ್ ಬಾಕ್ಸ್ ಇಟ್ಕೊಂಡು ಊಟ ಮಾಡ್ತಾರೆ.’

‘ಮತ್ತೆ ಆ ಎರಡು ಜಡೆ ಹುಡುಗಿ?’

‘ನಮ್ಮಕ್ಕನ ಮಗಳು. ಬೇರೆ ಯಾರು ಕರೆದ್ರೆ ಬರ್ತಾರೆ ಹೇಳಿ?’

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆಚೆಯಿಂದ ಯಾರೋ ‘ಶ್!’ ಎಂದರು. ಗೆದ್ದಲು ಆಕೆಯ ಲೈಬ್ರರಿಯಲ್ಲೂ ಇತ್ತಂತೆ. ಆ ಮಹಾಶಯರಿಗೆ ಉತ್ತರ ಬರೆಯಬೇಕೆಂದು ಆಕೆಗೂ ಅನಿಸಿತ್ತಂತೆ, ಬರೆಯಲಿಲ್ಲವಂತೆ. ಇಷ್ಟು ದಿನ ಈಕೆಯ ಮೇಲೆ ಹೊಟ್ಟೆ ಉರಿದುಕೊಂಡೆನಲ್ಲ ಎಂದು ನನಗೆ ನಾಚಿಕೆಯಾಯಿತು. ಹೊರಡುವಾಗ ಆಕೆ ಆ ಸಂಪುಟಗಳ ರಾಶಿಯನ್ನು ಪ್ರೀತಿಯಿಂದ ತಟ್ಟಿ, ‘ಒಳ್ಳೆ ಜಾಗ ಕಣ್ರೀ’ ಎಂದರು. ಒಬ್ಬ ಗೆಳತಿ ಸಿಕ್ಕಳು ಎಂದು ನಾನು ಮನೆಯ ದಾರಿಯುದ್ದಕ್ಕೂ ಸಂತೋಷಪಟ್ಟೆ.

ಸೋಮವಾರ ಬೆಳಿಗ್ಗೆ ಬಂದು, ನಿಂತುಕೊಂಡೇ ಕಂಪ್ಯೂಟರ್ ಆನ್ ಮಾಡಿದೆ. ವಸುಂಧರಾ ಮೇಡಮ್ಮಿನ ಮೇಲ್ ಕಾದಿತ್ತು. ‘ಹಳೆಯ ಸಂಪುಟಗಳ ಮರುಬಳಕೆ: ಜ್ಞಾನಪೀಠಿಕೆ ಎಂಬ ವಿನೂತನ ಆಸನ ವ್ಯವಸ್ಥೆ.’ ಫೋಟೋದಲ್ಲಿ ಎರಡು ಜಡೆಯ ಹುಡುಗಿ ಪುಸ್ತಕದ ರಾಶಿಯ ಮೇಲೆ ಕೂತು ಹಲ್ಲು ಬಿಡುತ್ತಿದ್ದಳು. ಓದುಗರಿಂದ ಅಭೂತಪೂರ್ವ ಸ್ಪಂದನೆ. ನನ್ನ ಸಿಟ್ಟು ನೆತ್ತಿಗೇರುವಷ್ಟರಲ್ಲಿ ಮುನಿಯಪ್ಪನವರು ಬಂದು ತಲೆ ಕೆರೆದುಕೊಂಡರು.

‘ಮೇಡಂ, ಪ್ರಿನ್ಸಿಪಾಲರು ಏಳವ್ರೆ, ಇಂದ್ಗಡೆ ಬುಕ್ಕಿನ ಕಟ್ಟುಗಳ್ನೆಲ್ಲ ಮೇಲಿನ ಹಾಲಿಗೆ ಸಾಗ್ಸಬೇಕಂತೆ. ನಾಳಿಕ್ಕೆ ಕಂಪ್ನಿಯೋರು ಬತ್ತಾರಂತೆ, ಹುಡುಗ್ರು ಕುಂತ್ಕಳಕ್ಕೆ ಬೇಕಂತೆ.’

ಕಟ್ಟುಗಳು ಒಂದೊಂದಾಗಿ ನನ್ನ ಮುಂದೆಯೇ ಹೊರಗೆ ಹೋದವು. ಕೊನೆಯದನ್ನು ಎತ್ತಿಕೊಳ್ಳುವ ಮೊದಲು ಮುನಿಯಪ್ಪನವರು ನನ್ನ ಕಡೆ ನೋಡಿ, ‘ಸಂಜೆ ಮನೆ ತಾವ ಬನ್ನಿ ಮೇಡಂ. ಜಗ್ಲೀಲಿ ಇನ್ನೊಂದು ಕುರ್ಚಿ ಆಕುಸ್ತೀನಿ, ಕುಂತ್ಕೊಂಡೇ ಬೈಯೀರಂತೆ’ ಎಂದರು. ನಾನು ತಲೆಯಾಡಿಸಿದೆ. ಆಮೇಲೆ ಎಡಗಾಲಿನ ಭಾರವನ್ನು ಬಲಗಾಲಿಗೆ ದಾಟಿಸಿ, ಗುಂಪಿಗೆ ಉತ್ತರ ಬರೆದೆ: ‘ಅಭಿನಂದನೆಗಳು ಮೇಡಂ. ನಮ್ಮಲ್ಲೂ ಜಾರಿಗೆ ತರುತ್ತೇವೆ.’