ಗೇಟಿಗೆ ಕಟ್ಟಿದ ಕಾಫಿ ಹೂವು

ಮಕ್ಕಳೇ, ಇಲ್ಲಿ ಕಾಫಿ ಹೂ ಬಿಡುವಾಗ ನಿಮಗೆ ಪರೀಕ್ಷೆ. ಪರೀಕ್ಷೆ ಮುಗಿಸಿ ಹಾಸನದಿಂದ ಬರುವಷ್ಟರಲ್ಲಿ ಹೂವೆಲ್ಲ ಕಂದಿ ಉದುರಿರುತ್ತದೆ. ತೋಟಕ್ಕೆ ತೋಟವೇ ಬೆಳ್ಳಗಾಗುವುದನ್ನು ನೀವು ಒಮ್ಮೆಯೂ ನೋಡಿಲ್ಲವೆಂಬ ಕೊರಗು ಈ ಅಜ್ಜಿಗೆ. ಬರಲಾಗದವರಿಗೆ ಹೂವನ್ನೇ ನೇಯ್ದು ಕಳಿಸಿದರಾಯಿತು ಎಂದುಕೊಂಡೆ. ಹಸಿರು ಶಾಲು, ಅದರ ತುಂಬ ಬಿಳಿ ಹೂಗೊಂಚಲು. ತವರಿನಿಂದ ತಂದ ಮಗ್ಗವಿದೆ, ನೂಲಿದೆ. ಇನ್ನೇನು ಕಷ್ಟ?

ಉಪಾಯ ಸುಲಭ. ನೂಲಿಗೆ ಅಲ್ಲಲ್ಲಿ ಬಾಳೆನಾರು ಬಿಗಿದು ಬಣ್ಣದಲ್ಲಿ ಅದ್ದಿದರೆ ಕಟ್ಟಿದ ಕಡೆ ಬಿಳುಪು ಉಳಿಯುತ್ತದೆ. ಆ ಬಿಳಿ ತುಂಡುಗಳು ಮಗ್ಗದಲ್ಲಿ ಅಕ್ಕಪಕ್ಕ ಕೂತರೆ ಹೂವು. ನೂಲು ಹಸಿರಾಯಿತು. ನಾನೂ ಮೊಣಕೈವರೆಗೆ ಹಸಿರಾದೆ.

"ಏನಕ್ಕಾ, ಗಿಣಿ ಆಗ್ಬಿಟ್ಟಿದ್ದೀಯಲ್ಲ" ಎಂದಳು ಪಕ್ಕದ ಮನೆಯ ಜಯಮ್ಮ. "ಸೀಬೆಹಣ್ಣು ತಂದ್ಕೊಡ್ಲಾ?"

ಮುಂದಿನದು ಹಾಸು ಎಳೆಯುವ ಕೆಲಸ. ಉದ್ದದ ಎಳೆಗಳನ್ನೆಲ್ಲ ಅಂಗಳದಲ್ಲಿ ಬಿಗಿಯಾಗಿ ಚಾಚಿ, ಬಿಳಿಗೆ ಬಿಳಿ ಕೂಡಿಸಬೇಕು. ಇದಕ್ಕೆ ಇಬ್ಬರು ಬೇಕು. ನಿಮ್ಮ ತಾತ ಇದ್ದಾಗ ಇನ್ನೊಂದು ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ನಿಲ್ಲುತ್ತಿದ್ದರು. ಬಿಸಿಲನ್ನು ಬೈಯುತ್ತಿದ್ದರು, ಆದರೆ ಒಂದು ಎಳೆಯೂ ಅಲುಗುತ್ತಿರಲಿಲ್ಲ. ಗಿಣಿ ಎಂದವಳನ್ನು ಸಹಾಯಕ್ಕೆ ಕರೆಯಲು ನನಗೆ ಸಂಕೋಚ. ಆದ್ದರಿಂದ ದೀರ್ಘ ಆಲೋಚನೆಯ ಬಳಿಕ, ಸದರಿ ಸ್ಥಾನಕ್ಕೆ ನಮ್ಮ ಗೇಟನ್ನು ನೇಮಿಸಿದೆ.

ಹೂಗಳೆಲ್ಲ ಸಾಲಾಗಿ ಕೂತವು. ಅಂಗಳದಲ್ಲೇ ತೋಟ ಅರಳಿದಂತಿತ್ತು. ಅಷ್ಟರಲ್ಲಿ ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಗೇಟಿನ ಹೊರಗೆ ಬಂದರು. ಗಂಡಸರೆದುರು ನನಗೆ ಮಾತು ಹೊರಡುವುದಿಲ್ಲ. "ತೆಗೀಬೇಡಿ" ಎಂಬ ಒಂದೇ ಪದ ಗಂಟಲವರೆಗೆ ಬಂದು ಅಲ್ಲೇ ಕುಳಿತುಕೊಂಡಿತು.

ಅವರು ಗೇಟು ತೆಗೆದರು.

"ಅಕ್ಕಾ, ಕೂಲಿಯವರ ಲೈನ್ ಮನೆ ಹತ್ರ ಆನೆ ಬಂದಿದೆ, ಹೊರಗೆ ಹೋಗ್ಬೇಡಿ" ಎಂದವರು, ಕಾಲಿಗೆ ಸುತ್ತಿಕೊಂಡ ನೂಲನ್ನು ನೋಡಿದರು. "ಅಯ್ಯೋ, ಇದೆಂಥದು?"

"ಹೂವು" ಎಂದೆ.

ಪಾಪ, ಒಳ್ಳೆಯ ಮನುಷ್ಯ. ಬಿಡಿಸಿಕೊಂಡು, ತುದಿ ಹಿಡಿದು ಎಳೆದು ನಿಂತರು. "ಇಲ್ಲಿ ನಿಂತ್ರೆ ಸರಿಯಾ?"

ತಾತ ನಿಲ್ಲುತ್ತಿದ್ದದ್ದು ಅದೇ ಜಾಗ. ಎಳೆ ಜೋಡಿಸುವುದನ್ನು ಬಿಟ್ಟು ನಾನು ಆ ಜಾಗವನ್ನೇ ನೋಡುತ್ತಾ ನಿಂತೆ. ಆದರೆ ಆನೆ ಕಾಯುತ್ತದೆಯೇ?

"ಇನ್ನೂ ಮುಂದಿನ ಮನೆಗಳಿಗೆ ಹೇಳ್ಬೇಕಕ್ಕಾ" ಎಂದು ಅವರು ತುದಿ ಕೆಳಗಿಟ್ಟು ಹೋದರು. ಸಿಕ್ಕುಬಿದ್ದ ನೂಲನ್ನು ಕೈಗೆ ಬಂದಂತೆ ಬಿಡಿಸಿ ಮಗ್ಗಕ್ಕೇರಿಸಿದೆ.

ನೇಯ್ದಾದ ಮೇಲೆ ಶಾಲನ್ನು ಜಗುಲಿಯ ಮೇಲೆ ಹರವಿ, ಸಂಕೋಚ ಬಿಟ್ಟು ಜಯಮ್ಮನನ್ನು ಕರೆದೆ.

"ಹೂವು ಎಲ್ಲಕ್ಕಾ?"

"ಸ್ವಲ್ಪ ಹಿಂದಕ್ಕೆ ಹೋಗಿ ನೋಡು."

ಅವಳು ಹಿಂದೆ ಹಿಂದೆ ನಡೆದು ರಸ್ತೆಗೇ ಹೋದಳು.

"ಈಗ ಕಾಣ್ತಾ?"

"ಈಗ ಶಾಲೂ ಕಾಣ್ತಿಲ್ಲ."

ಆದರೂ ಕಳಿಸುತ್ತಿದ್ದೇನೆ. ನಿಮ್ಮ ತಾತನಾಗಿದ್ದರೆ ಇದರಲ್ಲಿ ಒಂದೊಂದು ಹೂವನ್ನೂ ಕಂಡು ಹೊಗಳುತ್ತಿದ್ದರು. ನಿಜ, ಅವರ ಮಾತನ್ನೂ ಪೂರ್ತಿ ನಂಬುವಂತಿಲ್ಲ. ನಾನು ಉಪ್ಪು ಹಾಕಲು ಮರೆತ ಸಾರನ್ನು ಚೆನ್ನಾಗಿದೆ ಎಂದು ಮತ್ತೆ ಬಡಿಸಿಕೊಂಡ ಮನುಷ್ಯ.